ಒಂಬತ್ತು ಸಾವಿರ ಓಡಿದ ಗಾಡಿ

ಮೀಟರು ಸುಳ್ಳು ಹೇಳಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು. ಇಲ್ಲದಿದ್ದರೆ ಹರಪನಹಳ್ಳಿಯ ಜನರಂತೆ ನೀವೂ 'ಓದಿದವನೇ ಟೋಪಿ ಹಾಕಿಸಿಕೊಂಡ' ಎಂದು ನಕ್ಕು ಸುಮ್ಮನಾಗುತ್ತೀರಿ.

ಕ್ರಾಂತಿಕುಮಾರ್ ಸರ್ಕಾರಿ ಹಾಸ್ಟೆಲಿನ ವಾರ್ಡನ್. ಅವನ ಅಪ್ಪ ಪಕ್ಕೀರಪ್ಪ ಊರವರ ಮೆರವಣಿಗೆಗಳ ಮುಂದೆ ಹಲಗೆ ಬಾರಿಸಿ ಮಗನನ್ನು ಓದಿಸಿದವನು. ನೌಕರಿ ಸಿಕ್ಕ ದಿನವೇ ಮಗ, "ಇನ್ನ ಯಾರ ಮುಂದೂ ನೀ ಬಡಿಯಂಗಿಲ್ಲ" ಎಂದು ಹಲಗೆ ಬಿಡಿಸಿದ್ದ. ಈಗ ಮುದುಕನ ಕಿಡ್ನಿ ಎರಡೂ ಕೈಕೊಟ್ಟಿವೆ. ವಾರಕ್ಕೆರಡು ಸಲ ದಾವಣಗೆರೆಯಲ್ಲಿ ಡಯಾಲಿಸಿಸ್ ಆಗಬೇಕು. ಒಂದು ಪಾಳಿ ತಪ್ಪಿದರೂ ಎದೆಗೆ ನೀರು ತುಂಬುತ್ತದೆ, ಆಮೇಲೆ ನಮ್ಮ ಕೈಲಿಲ್ಲ ಎಂದು ಡಾಕ್ಟರು ಎಚ್ಚರಿಸಿದ್ದರು. ಬಸ್ಸಿನ ಕುಲುಕಾಟ ಮುದುಕನಿಗೆ ತಡೆಯಲಾಗುತ್ತಿರಲಿಲ್ಲ. ಅದಕ್ಕೇ ಕ್ರಾಂತಿ ಗಾಡಿ ಹುಡುಕಿದ.

ಸಿಕ್ಕಿದ್ದು ಪುಢಾರಿ ಭೀಮರಾಜನ ಬಿಳಿ ಎಸ್‌ಯುವಿ. ಗೇರು ತಾನೇ ಬದಲಾಗುವ ಆಟೋಮ್ಯಾಟಿಕ್.

"ಬರೀ ಒಂಬತ್ತು ಸಾವಿರ ಓಡೇತಿ ನೋಡ್ರಿ ವಾರ್ಡನ್ರ. ಹಸಿ ಬಾಣಂತಿನ ನೋಡಿಕೊಂಡಂಗ ನೋಡಿಕೊಂಡೀನಿ" ಎಂದ ಭೀಮರಾಜ.

ಶೋರೂಮಿನವರೂ ಮೀಟರು ತಿರುಚಿಲ್ಲ ಎಂದರು. ಕ್ರಾಂತಿ ಅಂಕಿಯನ್ನು ನಂಬಿದ.

ಕೆಲವೇ ವಾರಗಳಲ್ಲಿ ಗಾಡಿ ಮುಗ್ಗರಿಸತೊಡಗಿತು. ಆಕ್ಸಿಲರೇಟರು ಒತ್ತಿದರೆ ಎಂಜಿನ್ನು ಚೀರುತ್ತಿತ್ತು, ಚಕ್ರ ಮಾತ್ರ ಯಾರದೋ ಅಪ್ಪಣೆಗೆ ಕಾದಂತೆ ತಡೆದು ತಡೆದು ಉರುಳುತ್ತಿತ್ತು. ಹೋಗಿ ಕೇಳಿದರೆ ಭೀಮರಾಜ ಪಕ್ಕದವರ ಕಡೆ ಕಣ್ಣು ಹೊಡೆದ. "ಗಾಡಿ ಬೆಸ್ಟ್ ಐತಿ. ಇಂಥಾವು ಓಡ್ಸಾಕ ಮನಿತನದಾಗ ರೂಢಿ ಇರಬೇಕ್ರಿ."

ಪಕ್ಕದವರು ನಕ್ಕರು. ಆ ನಗು ಕ್ರಾಂತಿಯ ಬೆನ್ನಿಗೆ ಅಂಟಿಕೊಂಡಿತು. ಅವನ ಓಣಿಗೆ ಬಂದ ಮೊದಲ ದೊಡ್ಡ ಗಾಡಿ ಅದು. ಗ್ಯಾರೇಜಿಗೆ ಬಿಟ್ಟರೆ ಸಂಜೆಯೊಳಗೆ ಊರೆಲ್ಲ ಅದೇ ಮಾತು. ಬಿಡಲಿಲ್ಲ. ಅಪ್ಪನನ್ನು ಅದರಲ್ಲೇ ಕೂರಿಸಿಕೊಂಡು ಓಡಾಡಿದ.

ಆ ಬೆಳಿಗ್ಗೆ ಕಂಚಿಕೆರೆ ದಾಟುತ್ತಿದ್ದಂತೆ ಪಕ್ಕೀರಪ್ಪ ಮೂಗರಳಿಸಿದ.

"ಈ ಸುಟ್ಟ ವಾಸನಿ ನಂಗ ಗೊತ್ತೈತಲೇ."

"ಯಾವುದಪ್ಪಾ?"

"ಭೀಮರಾಜನ ಮೆರವಣಿಗಿದು. ನಮ್ಮ ಓಣಿ ಮುಂದ ಇದಾ ಗಾಡಿ ಮ್ಯಾಲೆ ನಿಂತು ಹೊಂಟಿದ್ದ. ಮುಂದ ಹುಡುಗ್ರ ಕುಣತ. ಎರಡು ಹೆಜ್ಜಿ ಹೋಗೂದು, ನಿಲ್ಲೂದು. ನೆತ್ತಿ ಸುಡೋ ಬಿಸಲು. ನಾವೆಲ್ಲ ಪಟಾಕಿ ವಾಸನಿ ಅಂದ್ಕಂಡ್ವಿ."

"ಮೊದಲಾ ಹೇಳಾಕ ಏನಾಗಿತ್ತು?"

"ನೀ ನಂಬರ್ ನೋಡಿ ತಗಂಡಿ. ನನ್ನ ಎಲ್ಲಿ ಕೇಳಿದಿ?"

ಕ್ರಾಂತಿಗೆ ಈಗ ಹೊಳೆಯಿತು. ನಮ್ಮ ಕಡೆ ಹಾಲಿನ ಡೇರಿಗೆ ಸದಸ್ಯನಾದವನನ್ನೂ ಗಾಡಿಯ ಮೇಲೆ ನಿಲ್ಲಿಸಿ ಊರು ಸುತ್ತಿಸಬೇಕು. ಹುಟ್ಟುಹಬ್ಬಕ್ಕೂ ಅದೇ, ಜಯಂತಿಗೂ ಅದೇ. ಬೆಳಿಗ್ಗೆ ಬಸ್‌ಸ್ಟ್ಯಾಂಡಿನಿಂದ ಹೊರಟ ಹಾರ ಸಂಜೆ ಪೇಟೆ ಮುಟ್ಟುತ್ತದೆ. ಮೀಟರು ಒಂದು ಕಿಲೋಮೀಟರು ಎನ್ನುತ್ತದೆ. ಒಳಗೆ ಗೇರ್‌ಬಾಕ್ಸಿನ ಆಯಿಲ್ಲು ದಿನವಿಡೀ ಕುದಿಯುತ್ತದೆ. ಮೇಲೆ ನಿಂತು ಕೈಮುಗಿಯುವವನಿಗೆ ಕಾಲಡಿ ಏನು ಸುಡುತ್ತಿದೆ ಎಂದು ಎಂದಾದರೂ ತಿಳಿದಿದೆಯೇ? ತಿಳಿದರೆ ಮಾರುತ್ತಾನೆ. ಅದನ್ನು ಕೊಳ್ಳುವವರು ಯಾರು, ಅದರಲ್ಲಿ ಯಾರನ್ನು ಕೂರಿಸಿಕೊಂಡು ಹೋಗುತ್ತಾರೆ ಎಂಬುದು ಅವನಿಗೆ ಬೇಡ.

ಸಣ್ಣ ಏರಿನಲ್ಲಿ ಒಳಗೇನೋ ಕಟಕಟ ಎಂದಿತು. ಗಾಡಿ ನಿಂತಿತು. ಎಂಜಿನ್ನು ಚೆನ್ನಾಗಿಯೇ ಮೊರೆಯುತ್ತಿತ್ತು, ಮುಂದಕ್ಕೆ ಮಾತ್ರ ಒಂದು ಗೇಣೂ ಜರುಗಲಿಲ್ಲ. ಕ್ರಾಂತಿ ರಿವರ್ಸಿಗೆ ಹಾಕಿದ. ಹಿಂದಕ್ಕೆ ಹೋಯಿತು.

ಅಪ್ಪನ ಎದೆ ಆಗಲೇ ಸಿಳ್ಳು ಹಾಕುತ್ತಿತ್ತು. ಬಸ್ಸು ನಿಲ್ಲುವ ಊರು ಹಿಂದೆ ಉಳಿದಿತ್ತು. ಕ್ರಾಂತಿ ಕುತ್ತಿಗೆ ತಿರುಚಿ ಹಿಂದಕ್ಕೇ ಓಡಿಸಿದ. ಮೆಕ್ಕೆಜೋಳದ ಲಾರಿಗಳು ಹಾರ್ನು ಒದರುತ್ತ ಪಕ್ಕದಲ್ಲೇ ಹಾಯ್ದವು. ಮುದುಕ ಮುಂದಿನ ಗಾಜಿನಲ್ಲಿ ದಾವಣಗೆರೆಯ ರಸ್ತೆ ದೂರವಾಗುವುದನ್ನೇ ನೋಡುತ್ತಿದ್ದ.

"ಎಲ್ಲಿಗೆ ಹೊಂಟೀವಲೇ, ತಮ್ಮಾ?"

ಕಂಚಿಕೆರೆಯ ಸ್ಟಾಪಿನ ಪಕ್ಕ ಗಾಡಿ ನಿಲ್ಲಿಸಿ ಕ್ರಾಂತಿ ಅಪ್ಪನನ್ನು ಇಳಿಸಿದ.

ಬಸ್ಸು ಬಂತು, ತಡವಾಗಿ, ತುಂಬಿಕೊಂಡು. ಕಂಡಕ್ಟರೇ ರಟ್ಟೆ ಹಿಡಿದು ಮುದುಕನನ್ನು ಮೇಲೆಳೆದುಕೊಂಡ. ಯಾರೋ ಹೆಣ್ಣುಮಗಳು ಎದ್ದು ಸೀಟು ಕೊಟ್ಟಳು. ಕ್ರಾಂತಿ ನಿಂತುಕೊಂಡೇ ಆಸ್ಪತ್ರೆಗೆ ಫೋನು ಹಚ್ಚಿದ. ಪಾಳಿ ಬೇರೆಯವರಿಗೆ ಹೋಗಿದೆ, ನಾಳೆ ನೋಡೋಣ ಎಂದಿತು ಆ ಕಡೆಯ ದನಿ.

"ಏನಂತಾರಲೇ?" ಎಂದ ಅಪ್ಪ. ತುಟಿ ನೀಲಿಗಟ್ಟುತ್ತಿತ್ತು.

"ಕಾಯ್ತೀವಿ, ಬರ್ರಿ ಅಂತಾರಪ್ಪಾ."

ಪಕ್ಕೀರಪ್ಪ ತಲೆಯಾಡಿಸಿ ಕಿಟಕಿಗೆ ಒರಗಿದ. ಬಸ್ಸು ಕುಲುಕಿದಾಗಲೆಲ್ಲ ಅವನ ತಲೆ ಸರಳಿಗೆ ಬಡಿಯುತ್ತಿತ್ತು. ಕ್ರಾಂತಿ ನಡುವೆ ತನ್ನ ಅಂಗೈ ಇಟ್ಟ.