ರಿಗ್ಮೋರ್ ಮಡಿಸಿದ ಬೆಳಕು

ಓದೆನ್ಸೆ ಪಟ್ಟಣದ ನಮ್ಮ ಬೀದಿಯಲ್ಲಿ ಸಂಜೆಯಾದರೂ ಯಾರೂ ಕಿಟಕಿಯ ಪರದೆ ಎಳೆಯುತ್ತಿರಲಿಲ್ಲ. ಆ ಹೊತ್ತಿಗೆ ನನ್ನ ಪಕ್ಕದ ಮನೆಯಾಕೆ ರಿಗ್ಮೋರ್ ಕೋಟು ತೊಟ್ಟು ಒಂದು ಸುತ್ತು ಹೊರಡುವರು. ಊಟದ ಮೇಜುಗಳ ಮೇಲೆ ತೂಗುವ ಬಿಳಿ ದೀಪಗಳಲ್ಲಿ ತಾವು ಮಡಿಸಿದ್ದು ಯಾವುದೆಂದು ದೂರದಿಂದಲೇ ಹೇಳುವರು.

ದೀಪದ ಶೇಡ್ ಮಡಿಸುವುದೇ ಅವರ ಬದುಕು. ಅಡುಗೆಮನೆಯ ಮೇಜಿನ ಮೇಲೆ ದಪ್ಪ ಬಿಳಿ ಹಾಳೆ ಹಾಸಿ, ಮೂಳೆಯ ಪಟ್ಟಿಯಿಂದ ಗೆರೆ ಒತ್ತಿ, ಹೆಬ್ಬೆರಳಿನಿಂದ ಒಂದೊಂದೇ ಮಡಿಕೆ ಎಬ್ಬಿಸುವರು. ಚಪ್ಪಟೆ ಹಾಳೆ ನೋಡನೋಡುತ್ತ ಮೊಗ್ಗಿನಂತೆ ದುಂಡಗಾಗುತ್ತಿತ್ತು. ಅದನ್ನು ನೋಡಲೆಂದೇ ನಾನು ಎಷ್ಟೋ ಸಲ ಕಾಫಿಯ ನೆಪ ಹೂಡಿದ್ದೇನೆ.

ಆ ಚಳಿಗಾಲ ನಮ್ಮ ಕೆಳಗಿನ ಮಹಡಿಯ ಮನೆಗೆ ಐನಾರ್ ಬಂದರು. ಹೆಂಡತಿ ಎಲ್ಲೆನ್ ತೀರಿಹೋದ ಮೇಲೆ ದೊಡ್ಡ ಮನೆ ಬಿಟ್ಟವರು. ನಮ್ಮಲ್ಲಿ ಮನೆ ಬದಲಿಸುವವರು ದೀಪವನ್ನೂ ಬಿಚ್ಚಿಕೊಂಡು ಹೋಗುತ್ತಾರೆ. ಅವರೂ ತಂದರು, ತಂತಿಗೆ ಎಲ್ಲೆನ್ ಹಾಕಿದ್ದ ಗಂಟಿನ ಸಮೇತ. ಹಳೆಯ ಮನೆಯ ಚಾವಣಿ ಎತ್ತರ, ಇಲ್ಲಿಯದು ತಗ್ಗು. ದೀಪ ಕೂತವರ ಮೂಗಿನ ನೇರಕ್ಕೆ ಬಂದು ನಿಂತಿತು. ಐನಾರ್ ಹಾಗೇ ಬಿಟ್ಟರು.

ಭಾನುವಾರ ಮಗಳು ಲಿಸ್ಬೆತ್ ಊಟಕ್ಕೆ ಬರುತ್ತಿದ್ದಳು. ಒಮ್ಮೆ ಹೊರಟವಳು ಬಾಗಿಲಲ್ಲಿ ರಿಗ್ಮೋರ್ ಎದುರಾದದ್ದೇ ಅತ್ತುಬಿಟ್ಟಳು.

“ಅಪ್ಪನ ಮುಖಾನೇ ಕಾಣಲ್ಲ. ನಾನು ಈ ಕಡೆ ಬಗ್ಗಿದ್ರೆ ಅವರು ಆ ಕಡೆ ವಾಲ್ತಾರೆ. ದೀಪದ ಜೊತೆ ಮಾತಾಡೋದಾದ್ರೆ ನಮ್ಮನೇಲೂ ಒಂದಿದೆ. ಇನ್ನೊಂದು ವಾರ ನೋಡ್ತೀನಿ, ಆಮೇಲೆ ಬರಲ್ಲ.”

ಮರುದಿನ ರಿಗ್ಮೋರ್ ಕೇಕಿನ ತಟ್ಟೆ ಹಿಡಿದು ಕೆಳಗಿಳಿದರು. ಏಣಿಯನ್ನು ನನ್ನ ಹೆಗಲಿಗೇರಿಸಿದ್ದರು.

“ಕೇಕ್ ತಿನ್ನೋಕೆ ಏಣಿ ಯಾಕೆ?” ಎಂದರು ಐನಾರ್.

“ನಿಮ್ಮ ಮುಖ ನೋಡೋಕೆ ಬೇಕಾಗುತ್ತೆ ಅಂದ್ರು!” ಎಂದೆ ನಾನು.

ರಿಗ್ಮೋರ್ ಐನಾರ್ ಎದುರಿಗಿದ್ದ ಎಲ್ಲೆನ್‌ಳ ಕುರ್ಚಿಯಲ್ಲೇ ಕೂತು ಶೇಡಿನ ಅಂಚು ಸವರಿದರು. “ಈ ಮಡಿಕೆ ನಂದೇ. ಪೈಪು ಸೇದಿ ಸೇದಿ ಹಳದಿ ಮಾಡಿಟ್ಟಿದ್ದೀರಿ.”

ದೀಪದಾಚೆಯಿಂದ ಐನಾರ್ ದನಿ ಬಿಗಿಯಾಯಿತು. “ತಂತಿ ಕತ್ತರಿಸೋಕೆ ಬಿಡಲ್ಲ. ಗಂಟೂ ಬಿಚ್ಚೋ ಹಾಗಿಲ್ಲ. ಅದು ಎಲ್ಲೆನ್ ಹಾಕಿದ್ದು.”

“ಗಂಟಿನ ತಂಟೆಗೆ ನಾನ್ಯಾಕೆ ಬರ್ಲಿ? ಅವರು ಅದನ್ನ ಯಾತಕ್ಕೆ ಹಾಕಿದ್ರು, ಹೇಳಿ.”

ಐನಾರ್ ಕಾಫಿಯ ಬಟ್ಟಲನ್ನು ಪಕ್ಕಕ್ಕೆ ಸರಿಸಿದರು.

“ನನ್ನ ಮುಖ ಕಾಣ್ಲಿ ಅಂತ,” ಎಂದರು. “ಊಟ ಮಾಡುವಾಗ.”

ರಿಗ್ಮೋರ್ ಜೇಬಿನಿಂದ ಹಿತ್ತಾಳೆಯ ಕೊಕ್ಕೆಯೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಐನಾರ್ ಅದನ್ನು ಬೆರಳಲ್ಲಿ ತಿರುಗಿಸಿ ನೋಡಿದರು. ತಾವೇ ಏಣಿ ಹತ್ತಿದರು. ಕಿಟಕಿಯ ಕಡೆಗೆ ಚಾವಣಿಯಲ್ಲಿ ಕೊಕ್ಕೆ ತಿರುಪಿ, ತಂತಿಯನ್ನು ಅದರ ಮೇಲೆ ಹಾಯಿಸಿದರು. ದೀಪ ಮೇಲೇರಿತು. ಗಂಟು ಇದ್ದ ಹಾಗೇ ಇತ್ತು. ಮೇಜನ್ನು ದೀಪದಡಿಗೆ ಎಳೆಯುವ ಕೆಲಸ ನನಗೆ ಬಿತ್ತು.

ಭಾನುವಾರ ಬೇಗ ಕತ್ತಲಾಯಿತು. ನಾನೂ ರಿಗ್ಮೋರ್ ಜೊತೆ ಸುತ್ತು ಹೊರಟೆ. ಕೆಳಮನೆಯ ಕಿಟಕಿಯೊಳಗೆ ಹುರಿದ ಹಂದಿಮಾಂಸ, ಆಲೂಗಡ್ಡೆ, ಎದುರುಬದುರು ಎರಡು ಮುಖ. ಲಿಸ್ಬೆತ್ ದೀಪದಡಿಯಲ್ಲಿ ಕೈ ಚಾಚಿ, ಏನೋ ಗದರುತ್ತ, ಅಪ್ಪನ ಕುರುಚಲು ಗಡ್ಡ ಹಿಡಿದು ಜಗ್ಗುತ್ತಿದ್ದಳು. ಈ ಸಲ ಐನಾರ್ ವಾಲಲಿಲ್ಲ.

“ಮಡಿಕೆ ಇನ್ನೂ ಗಟ್ಟಿಯಾಗಿದೆಯಾ?” ಎಂದೆ.

“ಅದನ್ಯಾರು ನೋಡಿದ್ರು!” ಎಂದರು ರಿಗ್ಮೋರ್, ಕಿಟಕಿಯಿಂದ ಕಣ್ಣು ತೆಗೆಯದೆ.