ಲ್ಯಾಬ್ ಮೇಡಂ ಮತ್ತು ಸೋರುವ ವಾಲ್ವು

ಬೆಳಗಿನ ಆರೂವರೆ. ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿರುವ ವಾಲ್ವ್ ಕಾರ್ಖಾನೆಯೊಂದರ ಗೇಟಿನ ಮುಂದೆ ದಾಕ್ಷಾಯಿಣಿ ಮೇಡಂ ಶಾಲು ಹೊದ್ದು ನಿಂತಿದ್ದಾರೆ. ಹಿಂದೆ ಆಕಳಿಸುತ್ತಿರುವ ನಾಲ್ವರು ಎಂಜಿನಿಯರಿಂಗ್ ವಿದ್ಯಾರ್ಥಿಗಳು. ಕಂಪ್ಯೂಟರಿನ ಕೆಲಸಕ್ಕೆ ಇಷ್ಟು ಹೊತ್ತಿಗೇ ಇಲ್ಲಿಗೆ ಯಾಕೆ ಬರಬೇಕು ಎಂಬ ಪ್ರಶ್ನೆ ಅವರ ಮುಖದ ಮೇಲಿದೆ. ನಿಜ ಹೇಳಬೇಕೆಂದರೆ, ಪತ್ರಿಕೆಗೆ ಬರೆಯಲೆಂದು ಜೊತೆಗೆ ಬಂದಿರುವ ನನ್ನ ಪ್ರಶ್ನೆಯೂ ಅದೇ.

"ಅಂಕಿ ಎಲ್ಲಿ ಹುಟ್ಟತಾವು ಅಂತ ಕಣ್ಣಿಲೆ ನೋಡಬೇಕ್ರಿ. ಹೆಣ್ಣು ನೋಡಾಕ ಹೋದವ್ರು ಮನಿ ನೋಡಂಗಿಲ್ಲೇನು? ಹಂಗ," ಎಂದು ಮೇಡಂ ನಗುತ್ತಾರೆ.

ಧಾರವಾಡದ ಹತ್ತಿರದ ಮುಗದ ಗ್ರಾಮದ ರೈತರ ಮನೆಯ ಈ ಮಗಳು ಇಲ್ಲಿನ ಕಾಲೇಜೊಂದರಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತಾರೆ. ಪಾಠ ಮಾಡುವುದು ಅವರ ಕೆಲಸವಲ್ಲ. ಆದರೆ ಕೊನೆಯ ವರ್ಷದ ತಂಡಗಳಿಗೆ ಕಾರ್ಖಾನೆ, ಡೇರಿ, ದಾಲ್ ಮಿಲ್ಲುಗಳಿಂದ ಪ್ರಾಜೆಕ್ಟು ತರುವವರು ಅವರೇ. ಮಾಲೀಕರು ತಮ್ಮಲ್ಲಿ ವರ್ಷಗಟ್ಟಲೆ ಕೂಡಿಬಿದ್ದ ಅಂಕಿಗಳನ್ನು ಕೊಟ್ಟು ಖರ್ಚು ನೋಡಿಕೊಳ್ಳುತ್ತಾರೆ. ಮಕ್ಕಳು ಆ ರಾಶಿಯನ್ನು ಜಾಲಾಡಿ ಉಪಯೋಗಕ್ಕೆ ಬರುವ ಸುಳಿವು ಹುಡುಕುತ್ತಾರೆ. ಡೇಟಾ ಮೈನಿಂಗ್ ಎಂದರೆ ಇಷ್ಟೇ ಎಂದು ನನಗೆ ಇವತ್ತು ಗೊತ್ತಾಯಿತು.

"ಮೊದಮೊದಲು ಏನರೆ ಮಾರಾಕ ಬಂದಾರ ಅಂತ ಗೇಟಿನ್ಯಾಗ ಹೊಳ್ಳಿ ಕಳಸತಿದ್ರು. ಈಗ ಒಳಗ ಬಿಡ್ತಾರ. ಆದ್ರ ಪ್ರಾಜೆಕ್ಟು ಮುಗೀತದ, ಫೋಟೋ ತಗೀತಾರ, ಹುಡುಗ್ರು ಪಾಸಾಗಿ ಹೋಗ್ತಾರ. ಆಮ್ಯಾಲೆ ಅದನ್ನ ಒಬ್ಬರೂ ತಗದು ನೋಡಂಗಿಲ್ರಿ. ಒಂದರೆ ಬಳಕಿಯಾಗ ಉಳೀಬೇಕು ಅನ್ನೂದು ನನ್ನ ಆಸೆ."

ಈ ಸಲ ಆಸೆ ಗಟ್ಟಿಯಾಗಿದೆ. ಎರಕ ಹೊಯ್ದ ಕೂಡಲೇ ಯಾವ ವಾಲ್ವು ಮುಂದೆ ಸೋರುತ್ತದೆ ಎಂದು ಹೇಳುವ ಪ್ರೋಗ್ರಾಂ ಸಿದ್ಧವಾಗಿದೆ. ಸೋರುವ ಹತ್ತರಲ್ಲಿ ಹತ್ತನ್ನೂ ಹಿಡಿಯುತ್ತದಂತೆ. ಹನ್ನೊಂದಕ್ಕೆ ಮಾಲೀಕ ಶಂಭುಲಿಂಗ ಅವರ ಮುಂದೆ ತೋರಿಸಬೇಕು. ಕೂಸು ಹುಟ್ಟುವ ಮುಂಚೆ ಕುಲಾವಿ ಎಂಬಂತೆ ಒಬ್ಬನ ಬ್ಯಾಗಿನಲ್ಲಿ ಪೇಡೆಯ ಡಬ್ಬಿಯೂ ಇದೆ. ಆದರೆ ಈ ತಂಡ ಪರೀಕ್ಷೆಯ ನೆಪದಲ್ಲಿ ಮೊದಲ ಭೇಟಿ ತಪ್ಪಿಸಿಕೊಂಡಿತ್ತು. ಅಂಕಿಗಳು ಇ-ಮೇಲಿನಲ್ಲೇ ಬಂದಿದ್ದವು. ತೋರಿಸುವ ದಿನವಾದರೂ ಕಣ್ಣಾರೆ ನೋಡಲೇಬೇಕೆಂದು ಮೇಡಂ ಹಟ ಹಿಡಿದು ಕರೆತಂದಿದ್ದಾರೆ.

ಒಳಗೆ ಹಳೇ ಹುಬ್ಬಳ್ಳಿಯ ರೆಹಮತ್‌ಬಿ ವಾಲ್ವುಗಳಿಗೆ ನೀರಿನ ಒತ್ತಡ ಕೊಟ್ಟು ಪರೀಕ್ಷಿಸುತ್ತಿದ್ದಾರೆ. ಒಂದರಿಂದ ಹನಿ ಜಿನುಗುತ್ತದೆ. ಅದನ್ನು ಬದಿಗಿಟ್ಟು, ಯಾವ ರಿಪೇರಿ ಟೇಬಲ್ಲಿಗೆ ಹೋಗಬೇಕೋ ಅದರ ನಂಬರನ್ನು ಕಂಪ್ಯೂಟರಿಗೆ ಹಾಕುತ್ತಾರೆ. ನೋಡುತ್ತಿದ್ದ ವಿದ್ಯಾರ್ಥಿನಿ ಸಾನ್ವಿಯ ಆಕಳಿಕೆ ಅರ್ಧಕ್ಕೇ ನಿಲ್ಲುತ್ತದೆ.

"ಚಾಚಿ, ಈ ಟೇಬಲ್ ನಂಬರ್ ಎಲ್ಲಾ ವಾಲ್ವಿಗೂ ಹಾಕ್ತೀರೇನ್ರಿ?"

"ಸೋರಿದ್ದಕ್ಕಷ್ಟ ಬೇಟಾ. ಛಲೋ ಇದ್ದದ್ದನ್ನ ರಿಪೇರಿಗೆ ಯಾಕ ಕಳಸೂನು?"

ಹುಡುಗಿಯ ಮುಖ ಬಿಳಚಿಕೊಳ್ಳುತ್ತದೆ. ಅವರ ಪ್ರೋಗ್ರಾಂ ಸೋರಿಕೆಯನ್ನು ಊಹಿಸುತ್ತಿದ್ದುದು ಆ ನಂಬರು ನೋಡಿಯೇ. ನಂಬರು ಬೀಳುವುದೋ ವಾಲ್ವು ಸೋರಿದ ಮೇಲೆ! ಉತ್ತರ ಕೈಯಲ್ಲಿಟ್ಟುಕೊಂಡು ಪರೀಕ್ಷೆ ಬರೆದ ಹಾಗಾಗಿದೆ. ಕ್ಯಾಂಟೀನಿನಲ್ಲಿ ಕುಳಿತು ಆ ನಂಬರಿನ ಅಂಕಣ ಕಿತ್ತುಹಾಕಿ ಪ್ರೋಗ್ರಾಂ ಮತ್ತೆ ಓಡಿಸಿದರೆ, ಹತ್ತರಲ್ಲಿ ಆರಷ್ಟೇ ಸಿಗುತ್ತವೆ.

"ಹಳೇದನ್ನ ತೋರಸೂಣ. ಯಾರಿಗೆ ಗೊತ್ತಾಗತದ?" ಎಂದು ಒಬ್ಬ ಪಿಸುಗುಡುತ್ತಾನೆ.

ನಾನು ಮೇಡಂ ಮುಖವನ್ನೇ ನೋಡುತ್ತೇನೆ. ಮಾಲೀಕರು ಮುನಿಸಿಕೊಂಡರೆ ಮುಂದಿನ ವರ್ಷದ ಮಕ್ಕಳಿಗೆ ಈ ಬಾಗಿಲು ಮುಚ್ಚಿದಂತೆ, ಅವರ ಆಸೆಯೂ ಅಲ್ಲಿಗೇ ನಿಂತಂತೆ.

"ನಾಳೆ ರೆಹಮತ್‌ಬಿ ಇದನ್ನ ನಂಬಿ ಕೆಲಸ ಮಾಡೂರದಾರ," ಎನ್ನುತ್ತಾರೆ ಮೇಡಂ. "ಖರೇ ಇದ್ದದ್ದನ್ನ ನೀವ ಹೇಳ್ರಿ. ನಾ ಬಾಜೂಕ ನಿಂತಿರ್ತೇನಿ."

ಹನ್ನೊಂದಕ್ಕೆ ಮಾಲೀಕರ ಮುಂದೆ ಸಾನ್ವಿ ತಪ್ಪಾದದ್ದನ್ನೇ ಮೊದಲು ಹೇಳುತ್ತಾಳೆ. ಶಂಭುಲಿಂಗ ಹುಬ್ಬು ಗಂಟಿಕ್ಕುತ್ತಾರೆ. "ಹತ್ತರಾಗ ಆರು ಹಿಡಿಯಾಕ ಇಷ್ಟೆಲ್ಲಾ ಮಾಡಿದ್ರೇನು?" ಮೇಡಂ ಬೆರಳುಗಳು ಶಾಲಿನ ಅಂಚನ್ನು ಸುತ್ತುತ್ತಿವೆ.

ಸಭೆಗೆಂದು ಕರೆಸಿದ್ದ ರೆಹಮತ್‌ಬಿ ಬಾಗಿಲ ಬಳಿಯಿಂದಲೇ ಕೇಳುತ್ತಾರೆ. "ಸಾಹೇಬ್ರ, ಸೋರೂ ವಾಲ್ವನ್ನ ಕಡದು, ಕೊರದು, ಎಲ್ಲಾ ಮುಗಿಸಿ ನನ್ನ ಕಡೆ ಕಳಸ್ತೀರಿ. ಆರು ಮೊದಲ ಸಿಕ್ಕರ ಆರರ ಕೆಲಸ ಉಳೀತದಲ್ರಿ? ನಾಳೆ ಪಾಳಿಗೆ ಇದನ್ನ ಹಚ್ಚಿಕೊಡ್ರಿ, ಎರಕದ ಕಡೆ ನಾನ ನಿಂತು ನೋಡ್ತೇನಿ."

ಶಂಭುಲಿಂಗ ಕುರ್ಚಿ ಮುಂದಕ್ಕೆಳೆದು ಅಂಕಿಗಳನ್ನು ಇನ್ನೊಮ್ಮೆ ನೋಡಿ, "ಆತು, ಹಚ್ಚರಿ," ಎನ್ನುತ್ತಾರೆ. ಪೇಡೆಯ ಡಬ್ಬಿ ಕೊನೆಗೂ ತೆರೆಯುತ್ತದೆ.

ಹೊರಡುವಾಗ ಪತ್ರಿಕೆಗೊಂದು ಫೋಟೋ ಬೇಕೆಂದು ಕೇಳಿದರೆ ಮೇಡಂ ಕೈ ಅಡ್ಡ ಹಿಡಿಯುತ್ತಾರೆ.

"ಈಗ ಬ್ಯಾಡ್ರಿ. ಈ ಹುಡುಗ್ರು ಪಾಸಾಗಿ ಹೋದ ಮ್ಯಾಲೆ ಒಂದಿನ ಮುಂಜಾನೆ ಬರ್ರಿ. ಆಗೂ ರೆಹಮತ್‌ಬಿ ಇದನ್ನ ಹಚ್ಚಿ ಕೆಲಸ ಮಾಡಾಕತ್ತಿದ್ರ, ಅವರದು ತಗೀರಿ."