ಜಬೀನ ಕೊಡದ ಒಪ್ಪಿಗೆ

ನಿಕಾಹಿಗೆ ಮುಂಚೆ ಹುಡುಗಿಯ ಒಪ್ಪಿಗೆ ಕೇಳಲು ಇಬ್ಬರು ಸಾಕ್ಷಿಗಳ ಜೊತೆ ಹೆಂಗಸರ ಕೋಣೆಗೆ ಬರುವ ಹಿರಿಯನನ್ನು ವಕೀಲ ಎನ್ನುತ್ತಾರೆ. ಮಗಳು ರೇಷ್ಮಾಳ ಮದುವೆಗೆ ನಿಜಾಮುದ್ದೀನ ಮಾಮೂನೇ ವಕೀಲ ಎಂದು ಗಂಡ ರಿಯಾಜ ಹೇಳಿದಂದಿನಿಂದ ಗಜೇಂದ್ರಗಡದ ಜಬೀನಳಿಗೆ ಕೆಲಸ ಸಾಗಲಿಲ್ಲ. ಹೊಲಿಗೆ ಮಷೀನಿನ ಮುಂದೆ ಕೂತರೆ ತುಳಿಯುವ ಕಾಲು ತಾನಾಗಿ ನಿಂತುಬಿಡುತ್ತಿತ್ತು.

ಮಾಮೂ ಜಬೀನಳ ತಾಯಿಯ ಅಣ್ಣ. ರೋಣದಲ್ಲಿ ಬಟ್ಟೆ ಅಂಗಡಿ, ಊರಿಗೆಲ್ಲ ಬೇಕಾದ ಮನುಷ್ಯ. ಮುಶಿಗೇರಿಯಲ್ಲಿ ಅಪ್ಪ ತೀರಿಕೊಂಡ ಮೇಲೆ ಶಾಲೆ ಕಲಿಯಲೆಂದು ಅವಳನ್ನು ಅವನ ಮನೆಯಲ್ಲಿ ಬಿಟ್ಟರು. ಮನೆಯಲ್ಲಿ ಬೇರೆ ಯಾರೂ ಇಲ್ಲದ ಮಧ್ಯಾಹ್ನಗಳಲ್ಲಿ ಮಾಮೂ ಅಂಗಡಿ ಬಿಟ್ಟು ಬರುತ್ತಿದ್ದ. ಅವನು ಮಾಡಿದ್ದಕ್ಕೆ ಏನೆನ್ನುತ್ತಾರೆಂದೇ ಆ ಕೂಸಿಗೆ ಗೊತ್ತಿರಲಿಲ್ಲ, ಏನೆಂದು ಹೇಳಬೇಕಿತ್ತು? ರಜೆ ಮುಗಿದಾಗ ರೋಣಕ್ಕೆ ಹೋಗುವುದಿಲ್ಲ ಎಂದು ಹಟ ಹಿಡಿದಳು. ಶಾಲೆ ತಪ್ಪಿಸುವ ಕಳ್ಳಾಟ ಅಂದುಕೊಂಡ ತಾಯಿ ಮೈಮುನಬಿ ಎರಡೇಟು ಕೊಟ್ಟು ಬಸ್ ಹತ್ತಿಸಿದಳು. ಮುಶಿಗೇರಿಯ ಮನೆಯಲ್ಲಿ ಬೇಯುತ್ತಿದ್ದ ರೊಟ್ಟಿಯ ಜೋಳವೂ ಮಾಮೂ ಕಳಿಸಿದ್ದೇ.

ಅವತ್ತೇ ಯಾಕೆ ಬಾಯಿ ಬಿಡಲಿಲ್ಲ ಎಂದು ಕೇಳುವವರು ಕೇಳುತ್ತಾರೆ. ಕೇಳುವವರಿಗೇನು! ಸಣ್ಣವಳಿದ್ದಾಗ ತಾಯಿಯ ಒಲೆ ಆರೀತೆಂದು ಅಂಜಿದಳು. ಆಮೇಲೆ ಗಂಡ ಬಿಟ್ಟಾನೆಂದು. ಮಗಳು ಹುಟ್ಟಿದ ಮೇಲೆ, ಅವಳಿಗೆ ಯಾರು ಗಂಡು ಕೊಡುತ್ತಾರೆಂದು. ಆದರೂ ರೇಷ್ಮಾಳನ್ನು ಒಂದು ದಿನವೂ ರೋಣದಲ್ಲಿ ಬಿಡಲಿಲ್ಲ. ಅದಕ್ಕಾಗಿ ಸೊಕ್ಕಿನವಳು ಎನ್ನಿಸಿಕೊಂಡಳು. ಜಬೀನಳ ಸ್ವಂತ ನಿಕಾಹಿನಲ್ಲೂ ಮಾಮೂನೇ ವಕೀಲನಾಗಿದ್ದ. ಒಪ್ಪಿಗೆಯೇ ಎಂದು ಕೇಳಿದ ಆ ದನಿಗೆ ಅವಳ ನಾಲಿಗೆ ಸೆಟೆದುಹೋಗಿತ್ತು. ನಾಚಿಕೆ, ಸುಮ್ಮನಿದ್ದರೆ ಒಪ್ಪಿದಂತೆಯೇ ಎಂದು ಹೆಂಗಸರು ನಕ್ಕರು. ಮಾಮೂ ಹೊರಗೆ ಹೋಗಿ, ಹುಡುಗಿ ಒಪ್ಪಿದಳು ಎಂದ.

ಈಗ ರೇಷ್ಮಾಳ ಮದುವೆಯ ದಿನ ಹೆಂಗಸರ ಕೋಣೆಯ ಪರದೆ ಮತ್ತೆ ಸರಿಯಿತು. ಮಾಮೂನ ಗಡ್ಡ ಬೆಳ್ಳಗಾಗಿತ್ತು, ಅತ್ತರು ಮಾತ್ರ ಅದೇ. ಸಾಕ್ಷಿಗಳಾಗಿ ಜಬೀನಳ ತಮ್ಮ ಶಾಹೀದ, ಗಂಡಿನ ಕಡೆಯವನೊಬ್ಬ. ಮಾಮೂ ರೇಷ್ಮಾಳ ಹತ್ತಿರ ಕೂರಲು ಬಗ್ಗಿದ. ಜಬೀನ ನಡುವೆ ಹೋಗಿ ನಿಂತಳು.

“ನೀವ ಕೇಳಬ್ಯಾಡ್ರಿ, ಮಾಮೂ.”

ಹೆತ್ತ ಕರುಳು, ಮಗಳನ್ನು ಕಳಿಸಲಾರದೆ ಹೀಗಾಡುತ್ತದೆ ಎಂದು ಯಾರೋ ಸಮಾಧಾನ ಹೇಳಿದರು. ಮಾಮೂನೂ ನಕ್ಕ. ಇನ್ನೊಂದು ಗಳಿಗೆ ಸುಮ್ಮನಿದ್ದರೆ ಈ ಸುಮ್ಮನಿರುವಿಕೆಗೂ ಇವರೇ ಅರ್ಥ ಹಚ್ಚುತ್ತಾರೆ ಎಂದು ಅವಳಿಗೆ ಹೊಳೆಯಿತು.

“ಸಣ್ಣಾಕಿ ಇದ್ದಾಗ ನಿಮ್ಮ ಮನ್ಯಾಗ ನೀವು ನನ್ನ ಮ್ಯಾಲ ಕೈ ಹಾಕಿದ್ರಿ. ನಾ ಒಪ್ಪಿ ಸುಮ್ಮನಿದ್ದಿಲ್ಲ. ಅಂಜಿ ಸುಮ್ಮನಿದ್ದೆ.”

ಮೂಲೆಯಲ್ಲಿದ್ದ ಮೈಮುನಬಿ ಸೆರಗು ಬಾಯಿಗೊತ್ತಿಕೊಂಡಳು. ತನ್ನ ಪರವಾಗಿ ಯಾರಾದರೂ ಮಾತಾಡುತ್ತಾರೇನೋ ಎಂದು ಮಾಮೂ ಸುತ್ತ ನೋಡಿದ. ಅವನು ಹೊರಗೆ ಹೋದ. ಗಂಡಿನ ಕಡೆಯವನೂ ಹಿಂದೆಯೇ ಹೋದ. ಹೊರಗೆ ಗಂಡಸರ ದನಿ ಏರಿತು. ದಿಬ್ಬಣ ಉಳಿಯುತ್ತದೋ ಏಳುತ್ತದೋ, ರಿಯಾಜ ಏನೆನ್ನುತ್ತಾನೋ ಎಂದು ಜಬೀನ ಪರದೆಗೆ ಕಿವಿಗೊಟ್ಟಳು.

ಬಹಳ ಹೊತ್ತಿನ ಮೇಲೆ ಗಂಡಿನ ಕಡೆಯವನು ಮರಳಿ ಬಂದು ಬಾಗಿಲಲ್ಲಿ ನಿಂತ. ನಿಕಾಹ ನಡೆಯಲಿ, ಶಾಹೀದನೇ ಕೇಳಲಿ ಎಂದು ರಿಯಾಜನೂ ಗಂಡಿನವರೂ ಒಪ್ಪಿದ್ದಾರೆ ಎಂದ. ಶಾಹೀದನಿಗೆ ಅಕ್ಕನ ಮುಖ ನೋಡಲಾಗಲಿಲ್ಲ. ರೇಷ್ಮಾಳಿಂದ ದೂರ ಕೂತು ಒಪ್ಪಿಗೆ ಕೇಳಿದ. ಅವಳು ತಲೆ ತಗ್ಗಿಸಿದಳು. ನಾಚಿಕೆ, ಒಪ್ಪಿದಂತೆಯೇ ಎಂದರು ಹೆಂಗಸರು, ರೂಢಿಯಂತೆ.

ಶಾಹೀದ ಏಳಲಿಲ್ಲ. “ಬಾಯಿಬಿಟ್ಟು ಹೇಳ ಬೇಟಿ. ಕೇಳಿಸ್ಕೊಂಡ ಮ್ಯಾಲ ಏಳತೇನಿ.”

ರೇಷ್ಮಾ ತಾಯಿಯ ಬೆವತ ಕೈ ಹಿಡಿದುಕೊಂಡು, ಪರದೆಯ ಆಚೆಗೂ ಕೇಳುವಂತೆ, ಕಬೂಲ ಎಂದಳು.